ನಾಲ್ಕನೆಯವನ ಬಾಡಿಗೆ

ನಮಗಿಂತ ಮೊದಲು ಈ ಮನೆಯಲ್ಲಿದ್ದವರು ಹೋಗುವಾಗ ಅಡುಗೆಮನೆಯನ್ನು ಬಿಚ್ಚಿಕೊಂಡು ಹೋಗಿದ್ದರು.

ಪಾತ್ರೆಗಳ ಮಾತಲ್ಲ. ಒಲೆ, ಒಲೆ ಇಡುವ ಕಟ್ಟೆ, ಸಿಂಕು, ಗೋಡೆಯ ಕಪಾಟು, ಕೊನೆಗೆ ಚಾವಣಿಯ ಬಲ್ಬು, ಅದರ ಹೋಲ್ಡರು ಕೂಡ ಇರಲಿಲ್ಲ. ಮನೆಯೊಡತಿ ಫ್ರೌ ಕೆಸ್ಲರ್ (ಫ್ರೌ ಎಂದರೆ ಹೆಂಗಸರ ಹೆಸರಿನ ಮುಂದೆ ಮರ್ಯಾದೆಗೆ ಹಚ್ಚುವ ಮಾತು) ಬಾಗಿಲು ತೆರೆದು "ಇದು ಅಡುಗೆಮನೆ" ಎಂದು ತೋರಿಸಿದಾಗ ಅಲ್ಲಿದ್ದದ್ದು ಒಂದು ಬಿಳಿ ಗೋಡೆ ಮತ್ತು ಅದರಿಂದ ಮೂತಿ ಹೊರಗಿಟ್ಟ ಎರಡು ಪೈಪು. ನನ್ನ ಗಂಡ ಚಂದ್ರು ಮೈಸೂರಿನವನು, ಎಂಥ ಹೊತ್ತಿನಲ್ಲೂ ಅವನ ಬಾಯಿ ಸುಮ್ಮನಿರುವುದಿಲ್ಲ. ನನ್ನ ಕಿವಿಯ ಹತ್ತಿರ ಬಂದು, "ಕಳ್ರು ಬಂದಿದ್ರಾ ಅಂತ ಕೇಳು. ಕಂಪ್ಲೇಂಟ್ ಕೊಟ್ಟಿದಾರಾ ಕೇಳು" ಎಂದ.

ಕಳ್ಳರಲ್ಲ. ಇಲ್ಲಿ ಪದ್ಧತಿಯೇ ಹಾಗೆ. ಮನೆ ಬಿಡುವವರು ತಮ್ಮ ಅಡುಗೆಮನೆಯನ್ನು ಬಿಚ್ಚಿ, ಲಾರಿಗೆ ಹೇರಿ, ಹೊಸ ಮನೆಗೆ ಒಯ್ಯುತ್ತಾರೆ. ನಮ್ಮ ಬ್ಯಾಡಗಿಯ ಬಾಡಿಗೆ ಮನೆಗಳಲ್ಲಿ ಒರಳು ನೆಲದಲ್ಲೇ ಹೂತಿರುತ್ತದೆ. ಹತ್ತು ಸಂಸಾರ ಬಂದು ಹೋದರೂ ಅದೇ ಒರಳು, ಅದೇ ಸವೆದ ಗುಂಡಿ. ಇಲ್ಲಿ ಗೋಡೆ ಮಾತ್ರ ಮನೆಯೊಡೆಯರದು, ಬದುಕು ಪೂರ್ತಿ ಬಾಡಿಗೆದಾರರದು. ಮೊದಲ ಎರಡು ವಾರ ನಾವು ಬಚ್ಚಲಿನಲ್ಲಿ ಪಾತ್ರೆ ತೊಳೆದು, ನೆಲದ ಮೇಲೆ ಕರೆಂಟ್ ಒಲೆ ಇಟ್ಟು ಅನ್ನ ಮಾಡಿಕೊಂಡೆವು. ಮಗಳು ಸಿರಿಗೆ ಅದೇ ಖುಷಿ. ದಿನವೂ ಪಿಕ್‌ನಿಕ್ ಎಂದುಕೊಂಡಿದ್ದಳು.

ನಾವಿರುವ ಊರು ಯೇನಾ. ಸುತ್ತ ಬೋಳು ಸುಣ್ಣಕಲ್ಲಿನ ಗುಡ್ಡ, ನಡುವೆ ಸಾಲೆ ಎಂಬ ಸಣ್ಣ ನದಿ, ಅದರ ಪಕ್ಕ ಟ್ರಾಮು. ಮಸೂರ, ದೂರದರ್ಶಕಗಳಿಗೆ ಹೆಸರಾದ ಊರು. ಬೆಳಕನ್ನು ಹಿಡಿದು ಬಾಗಿಸುವ ವಿದ್ಯೆಯಲ್ಲಿ ಸಂಶೋಧನೆ ಮಾಡಲು ನಾನು ಇಲ್ಲಿಗೆ ಬಂದೆ. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಮೊದಲು ತಂದವಳು ನಾನು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಅವ್ವ ಅದೇ ಮಾರುಕಟ್ಟೆಯ ಗೋದಾಮುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಘಾಟಿನಿಂದ ಉರಿಯುವ ಕೈಯಲ್ಲಿ ನನ್ನ ತಲೆ ಮುಟ್ಟಬಾರದೆಂದು ಜಡೆ ಹಾಕಲು ಪಕ್ಕದ ಮನೆಗೆ ಕಳಿಸುತ್ತಿದ್ದಳು. ಹಾವೇರಿಯಲ್ಲಿ ಬಿಎಸ್ಸಿ, ಧಾರವಾಡದಲ್ಲಿ ಎಂಎಸ್ಸಿ, ನಡುವೆ ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಟ್ಟ ಪ್ರಯಾಣದ ಖರ್ಚು. ಇಷ್ಟೆಲ್ಲ ಆಗಿ ಇಲ್ಲಿ ಸಿಕ್ಕಿದ್ದು ಅರ್ಧ ಹುದ್ದೆ. ಅರ್ಧ ಹುದ್ದೆ ಎಂದರೆ ಸಂಬಳ ಅರ್ಧ, ಕೆಲಸ ಪೂರ್ತಿ. ಇಲ್ಲಿನ ಸಂಶೋಧಕರಿಗೆ ಇದು ಮಾಮೂಲು, ಯಾರೂ ಅಳುವುದಿಲ್ಲ. ಚಂದ್ರು ಬೆಳಗ್ಗೆ ಒಂದು ಬೇಕರಿಯಲ್ಲಿ ಕೆಲವು ಗಂಟೆ ದುಡಿದು, ಮಧ್ಯಾಹ್ನ ಜರ್ಮನ್ ಕಲಿಯಲು ಹೋಗುತ್ತಿದ್ದ.

ಈ ಸಂಪಾದನೆಯಲ್ಲಿ ಮೂರು ಜನ, ಎರಡೂವರೆ ಕೋಣೆಯ ಮನೆಯಲ್ಲಿ ಹೇಗಿದ್ದೆವು ಎಂದರೆ, ವೋನ್‌ಗೆಲ್ಡ್‌ನಿಂದ. ಕಡಿಮೆ ಆದಾಯದವರು ಖಾಸಗಿ ಮನೆಯಲ್ಲಿ ಬಾಡಿಗೆಗಿದ್ದರೆ ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕೊಡುತ್ತದೆ. ಅದರ ಹೆಸರು ವೋನ್‌ಗೆಲ್ಡ್. ನಮ್ಮ ಪ್ರಯೋಗಾಲಯದ ಗೆಳತಿಯೊಬ್ಬಳು ಹೇಳಿದಾಗ ನಾನು ಮೊದಲು ಕೇಳಿದ್ದು, "ಇದಕ್ಕೆ ಯಾರ ಕೈಕಾಲು ಹಿಡಿಯಬೇಕು?" ಎಂದು. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅರ್ಜಿ ಹಾಕಬೇಕು, ಅಷ್ಟೆ. ಅದು ನಿನ್ನ ಹಕ್ಕು" ಎಂದಳು. ನನಗೆ ನಾಚಿಕೆಯೇನೂ ಆಗಲಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಚೀಲ ಹಿಡಿದು ನಿಂತು, ಆ ಅಕ್ಕಿ ಉಂಡೇ ನಾನು ಭೌತಶಾಸ್ತ್ರ ಓದಿದ್ದು. ಓದಿದವರು ಸಾಲಿನಲ್ಲಿ ನಿಲ್ಲಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮನೆ ಸಿಕ್ಕಿತು, ಅಡುಗೆಮನೆಯನ್ನೂ ಹಳೆ ಸಾಮಾನು ಮಾರುವವರಿಂದ ತುಂಡು ತುಂಡಾಗಿ ತಂದು ಜೋಡಿಸಿದೆವು. ಸಿಗದೆ ಹೋದದ್ದು ಸದ್ದು. ಇಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಹಾಕುವಂತಿಲ್ಲ. ಕೆಳಗಿನ ಮನೆಯವರಿಗೆ ಕೇಳೀತೆಂದು ಸಿರಿ ತುದಿಗಾಲಲ್ಲಿ ನಡೆಯಲು ಕಲಿತಳು. ಅಂಗಡಿಯಲ್ಲಿ ಮೂರು ಮೆಣಸಿನಕಾಯಿ ಚಿತ್ರ ಹಾಕಿ, ಜೋಕೆ ಎಂದು ಎಚ್ಚರಿಕೆ ಬರೆದ ಸಾಸ್ ತಂದರೆ ಅದು ಟೊಮ್ಯಾಟೊ ಹಣ್ಣಿನ ಪಾಯಸ. ಬಾಯಿ ಚಪ್ಪೆ, ಕಿವಿ ಚಪ್ಪೆ. ಮನೆಯಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಸಿರಿಗೆ ನಾನು ಹಾವೇರಿ ಕನ್ನಡದಲ್ಲಿ ಬೈದರೆ ಅವಳು ಜರ್ಮನ್‌ನಲ್ಲಿ ತಿರುಗಿ ಉತ್ತರ ಕೊಡುತ್ತಿದ್ದಳು.

ಅಂಥ ಹೊತ್ತಿನಲ್ಲಿ ಇಮ್ರಾನ್ ಬಂದ.

ಇಮ್ರಾನ್ ಸವಣೂರಿನ ಹುಡುಗ, ಇಂಜಿನಿಯರಿಂಗ್ ಮುಗಿಸಿ ಎಂ.ಎಸ್. ಓದಲು ಯೇನಾಕ್ಕೆ ಬಂದವನು. ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ, "ಹಾಸ್ಟೆಲ್ ರೂಮು ಸಿಗೋ ತನಕ ಯಾರರ ಎರಡು ವಾರ ಇಟ್ಕೊಂತೀರೇನ್ರಿ?" ಎಂದು ಕೇಳಿದ್ದ. "ಇಟ್ಕೊಂತೀರೇನ್ರಿ" ಎಂಬ ಮಾತು ಓದಿದ್ದೇ ತಡ, ನಾನು ಗಂಡನನ್ನೂ ಕೇಳದೆ ಬಾ ಎಂದು ಬರೆದುಬಿಟ್ಟೆ. ನನ್ನ ಓದಿನ ಮೇಜಿಗೆಂದು ಇಟ್ಟಿದ್ದ ಅರ್ಧ ಕೋಣೆಯಲ್ಲಿ ಹಾಸಿಗೆ ಹಾಕಿದೆವು. ಬಂದವನು ಬಾಗಿಲಲ್ಲೇ ನಿಂತು, "ಅಕ್ಕಾರ, ನಿಮಗ ತ್ರಾಸ ಆಗೂದಿಲ್ಲಲ್ರಿ?" ಎಂದ.

"ತ್ರಾಸ ಏನ ಬಂತೋ ತಮ್ಮಾ? ಇದು ನಿನ್ನ ಮನಿ ಅಂತ ತಿಳಕೋ. ಮತ್ತ ನನಗ ಅಕ್ಕಾರ, ರೀ ಅನಬ್ಯಾಡ" ಎಂದೆ.

ಚಂದ್ರು ಅವನ ಪೆಟ್ಟಿಗೆ ಎತ್ತಿಕೊಂಡು, "ಬಾ ಮಗಾ ಒಳಗೆ. ಇವಳ ಭಾಷೆ ಅರ್ಥ ಆಗೋ ಒಬ್ಬ ಮನುಷ್ಯ ಸಿಕ್ಕಿದನಲ್ಲ ಸದ್ಯ" ಎಂದ.

ಜರ್ಮನಿಯಲ್ಲಿ ಹೊಸದಾಗಿ ಬಂದವರು ಮೊದಲು ಮಾಡಬೇಕಾದದ್ದು ಅನ್‌ಮೆಲ್ಡುಂಗ್, ಅಂದರೆ ನಾನು ಇಂಥ ವಿಳಾಸದಲ್ಲಿ ವಾಸವಾಗಿದ್ದೇನೆ ಎಂದು ನಗರ ಕಚೇರಿಯಲ್ಲಿ ಹೆಸರು ಬರೆಸುವುದು. ಅದಿಲ್ಲದೆ ಇಲ್ಲಿ ಯಾವ ಕೆಲಸವೂ ಸಲೀಸಾಗಿ ಮುಂದೆ ಸಾಗುವುದಿಲ್ಲ. ನಮ್ಮಲ್ಲಿದ್ದಾನೆ ಎಂದು ನಾನೇ ಸಹಿ ಹಾಕಿಕೊಟ್ಟೆ. ಎರಡು ವಾರ ಎರಡು ತಿಂಗಳಾಯಿತು, ಚಳಿಗಾಲವೂ ಬಂತು. ಹಾಸ್ಟೆಲ್ ಸಿಗಲಿಲ್ಲ. ನಮಗೇನೂ ಬೇಸರವಿರಲಿಲ್ಲ. ಸಿರಿಯನ್ನು ಶಿಶುವಿಹಾರದಿಂದ ಕರೆತರುವ ಕೆಲಸ ಅವನು ವಹಿಸಿಕೊಂಡ. ಅವನೂ ನಾನೂ ಮಾತಿಗೆ ಕೂತರೆ ಚಂದ್ರು ಕಿವಿ ಮುಚ್ಚಿಕೊಳ್ಳುತ್ತಿದ್ದ. ಬಾಡಿಗೆ ಕೊಡುತ್ತೇನೆ ಎಂದು ಇಮ್ರಾನ್ ಎರಡು ಮೂರು ಸಲ ಬಾಯಿ ತೆರೆದಿದ್ದ. ನಾನು ಮುಗಿಸಲು ಬಿಟ್ಟಿರಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಬೆಳೆದವಳು ಇವತ್ತು ಇನ್ನೊಬ್ಬರಿಗೆ ಜಾಗ ಕೊಡುವಷ್ಟು ಆಗಿದ್ದೇನೆ ಎಂಬುದು ನನಗೆ ಡಿಗ್ರಿಯಷ್ಟೇ ದೊಡ್ಡ ಮಾತಾಗಿತ್ತು.

ವೋನ್‌ಗೆಲ್ಡ್ ಒಮ್ಮೆ ಮಂಜೂರಾದರೆ ಸದಾಕಾಲ ಬರುವುದಿಲ್ಲ, ಅವಧಿ ಮುಗಿದಾಗ ಮತ್ತೆ ಅರ್ಜಿ ಹಾಕಬೇಕು. ಆ ವರ್ಷದ ಅರ್ಜಿ ಊಟದ ಮೇಜಿನ ಮೇಲೆ ಬಂತು. "ಈ ಮನೆಯಲ್ಲಿ ಎಷ್ಟು ಜನ ವಾಸವಾಗಿದ್ದೀರಿ?" ಎಂಬ ಪ್ರಶ್ನೆ. ನಾನು ತಡಮಾಡದೆ ನಾಲ್ಕು ಎಂದು ಬರೆದೆ.

"ನಾಲ್ಕಾ? ಇವನನ್ನೂ ಸೇರಿಸ್ತೀಯಾ?" ಎಂದ ಚಂದ್ರು.

"ಇಲ್ಲೇ ಮಲಗ್ತಾನ, ಇಲ್ಲೇ ಉಣ್ತಾನ, ಸರ್ಕಾರದ ಕಾಗದದಾಗೂ ಇದ ವಿಳಾಸ ಐತಿ. ಸುಳ್ಳ ಬರೀಲೇನು? ಮತ್ತ ತಲಿ ಹೆಚ್ಚಾದ್ರ ಬರೂದೂ ಹೆಚ್ಚಾಗ್ತತಿ."

ಇದು ರೇಷನ್ ಕಾರ್ಡಿನ ಬುದ್ಧಿ. ನಮ್ಮಲ್ಲಿ ಕಾರ್ಡಿನಲ್ಲಿ ಒಂದು ಹೆಸರು ಏರಿದರೆ ತಲೆಗಿಷ್ಟು ಎಂದು ಅಕ್ಕಿ ಏರುತ್ತದೆ. ಮದುವೆಯಾಗಿ ಬಂದ ಸೊಸೆಯ ಹೆಸರು ಏರಿಸಲು, ಹುಟ್ಟಿದ ಕೂಸಿನ ಹೆಸರು ಏರಿಸಲು ನಮ್ಮ ಓಣಿಯವರು ತಹಶೀಲ್ದಾರ ಕಚೇರಿಗೆ ಎಷ್ಟು ಸಲ ಅಲೆದದ್ದನ್ನು ನೋಡಿದ್ದೇನೋ. ಮನೆ ದೊಡ್ಡದಾದರೆ ಚೀಲ ಭಾರವಾಗುತ್ತದೆ ಎಂಬುದು ನನಗೆ ನ್ಯೂಟನ್‌ನ ನಿಯಮಕ್ಕಿಂತ ಮೊದಲು ಗೊತ್ತಿದ್ದ ನಿಯಮ. ಇಮ್ರಾನ್ ಕೂಡ ಅದೇ ನೀರು ಕುಡಿದವನು. "ಹೌದಕ್ಕಾ, ನನ್ನ ಹೆಸರಿಲೆ ನಿಮಗೊಂದೀಟರ ಉಪಯೋಗ ಆಗ್ಲಿ" ಎಂದು ತನ್ನ ಅನ್‌ಮೆಲ್ಡುಂಗ್ ಕಾಗದದ ಪ್ರತಿಯನ್ನೂ ತಂದು ಕೊಟ್ಟ. ನಾಲ್ಕೂ ಜನ ನಗುನಗುತ್ತ ಲಕೋಟೆ ಅಂಟಿಸಿದೆವು. ಅಂಟಿಸಿದವಳು ಸಿರಿ.

ಉತ್ತರ ಬಂತು. ಕಚೇರಿಯ ತೀರ್ಮಾನದ ಪತ್ರಕ್ಕೆ ಇಲ್ಲಿ ಬೆಶೈಡ್ ಎನ್ನುತ್ತಾರೆ. ಅದನ್ನು ನಾನೂ ಚಂದ್ರುವೂ ನಿಂತುಕೊಂಡೇ ಓದಿದೆವು, ಆಮೇಲೆ ಕೂತುಕೊಂಡು ಓದಿದೆವು. ವೋನ್‌ಗೆಲ್ಡ್ ಇಳಿದಿತ್ತು. ಕಾರಣವನ್ನೂ ಬರೆದಿದ್ದರು. ಮನೆಯಲ್ಲಿ ಕುಟುಂಬಕ್ಕೆ ಸೇರದ ನಾಲ್ಕನೆಯ ವ್ಯಕ್ತಿ ವಾಸವಾಗಿದ್ದಾರೆ, ಆದ್ದರಿಂದ ಬಾಡಿಗೆಯಲ್ಲಿ ಅವರ ಪಾಲನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ನೆರವು.

"ಕಮ್ಮಿ ಮಾಡ್ಬಿಟ್ಟವ್ರೆ ಕಣೇ" ಎಂದ ಚಂದ್ರು. "ನಾವಾಗೇ ಹೋಗಿ, ಸ್ಟಾಂಪ್ ಅಂಟ್ಸಿ, ಕಮ್ಮಿ ಮಾಡಿಸ್ಕೊಂಡ್ವಿ."

ನಗು ಬಂತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ಕೊರತೆ ತುಂಬದಿದ್ದರೆ ಈ ಮನೆ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಯೇನಾದಲ್ಲಿ ಒಂದು ಮನೆ ಖಾಲಿಯಾದರೆ ಅದನ್ನು ನೋಡಲು ಮೆಟ್ಟಿಲ ತುಂಬ ಜನ ನಿಲ್ಲುತ್ತಾರೆ, ಅರ್ಧ ಹುದ್ದೆಯ ಪರದೇಶಿಯನ್ನು ಯಾರೂ ಮೊದಲು ಆರಿಸುವುದಿಲ್ಲ. ಮನೆ ಹೋದರೆ ಸಿರಿಯ ಶಿಶುವಿಹಾರವೂ ದೂರವಾಗುತ್ತದೆ. ಇನ್ನೊಂದು ದಾರಿ ಸುಲಭದ್ದು, ಇಮ್ರಾನ್‌ಗೆ ಹೋಗು ಎನ್ನುವುದು. ಆ ಚಳಿಯಲ್ಲಿ, ರೂಮಿಲ್ಲದ ಹುಡುಗನಿಗೆ ಆ ಮಾತು ಹೇಳಲು ನನ್ನ ನಾಲಿಗೆ ಹೊರಳುವಂತಿರಲಿಲ್ಲ. ಚಂದ್ರು ಕೂಡ, "ಅವನಿಗೆ ಹೇಳ್ಬೇಡ. ನೊಂದ್ಕೋತಾನೆ" ಎಂದ.

ಆಮೇಲಿನ ವಾರಗಳಲ್ಲಿ ನಮ್ಮ ಜಾಣತನ ನೋಡಬೇಕಿತ್ತು. ಚಂದ್ರು ಬೇಕರಿಯಿಂದ ಹಿಂದಿನ ದಿನದ ಉಳಿದ ಬ್ರೆಡ್ ತರತೊಡಗಿದ. ನಾವು ಬ್ರೆಡ್ಡಿನ ಉಪ್ಪಿಟ್ಟು, ಬ್ರೆಡ್ಡಿನ ಒಗ್ಗರಣೆ, ಕೊನೆಗೆ ಬ್ರೆಡ್ಡಿನ ಬೋಂಡಾ ಕೂಡ ಮಾಡಿದೆವು. ಹೀಟರನ್ನು ಒಂದೇ ಕೋಣೆಯಲ್ಲಿ ಹಾಕಿ ಎಲ್ಲರೂ ಅಲ್ಲೇ ಕೂರುತ್ತಿದ್ದೆವು. ಟ್ರಾಮ್ ಬಿಟ್ಟು ನಾನು ನದಿಯ ದಂಡೆಗುಂಟ ನಡೆದು ಹೋಗತೊಡಗಿದೆ. ನಿಜ ಹೇಳಬೇಕೆಂದರೆ ಆ ನಡಿಗೆಯಲ್ಲೇ ನನಗೆ ಈ ಊರು ಮೊದಲ ಬಾರಿಗೆ ಚೆಂದ ಕಂಡಿದ್ದು. ಮಂಜು ಬಿದ್ದ ನೀರಿನ ಮೇಲೆ ಬಾತುಕೋಳಿಗಳು, ನಾಯಿ ಹಿಡಿದು ಬರುವ ಮುದುಕರು. ಅವರಿಗೆ ನಾನು "ಮಾರ್ಗೆನ್" ಎಂದು ಬೆಳಗಿನ ನಮಸ್ಕಾರ ಹೇಳಿದರೆ ಅವರೂ ಹೇಳುತ್ತಿದ್ದರು. ಟ್ರಾಮಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಆದರೆ ನಡೆದು ಉಳಿಸಿದ್ದರಿಂದ ಬಾಡಿಗೆ ತುಂಬುವುದಿಲ್ಲ. ನಾನು ಕಚೇರಿಗೆ ಹೋಗಿ ವಾದ ಮಾಡುವುದೆಂದು ತೀರ್ಮಾನಿಸಿದೆ. ಹೇಳಬೇಕಾದ ವಾಕ್ಯಗಳನ್ನೆಲ್ಲ ಜರ್ಮನ್‌ನಲ್ಲಿ ಬಾಯಿಪಾಠ ಮಾಡಿಕೊಂಡೆ. ಮೇಜಿನಾಚೆ ನನ್ನದೇ ವಯಸ್ಸಿನ ಹೆಂಗಸು, ಕಿಟಕಿಯಲ್ಲಿ ಸಾಲಾಗಿ ಕಳ್ಳಿಗಿಡಗಳು.

"ಈ ನಾಲ್ಕನೆಯವರು ನಿಮ್ಮ ಸಹೋದರರೇ?" ಎಂದು ಕೇಳಿದಳು.

"ತಮ್ಮನ ಹಾಗೆ."

"ಹಾಗೆ ಎಂದರೆ? ತಾಯಿಯ ಕಡೆಯಿಂದಲೋ, ತಂದೆಯ ಕಡೆಯಿಂದಲೋ?"

"ಹಾವೇರಿ ಜಿಲ್ಲೆಯ ಕಡೆಯಿಂದ."

ಅವಳು ಪೆನ್ನು ಕೆಳಗಿಟ್ಟಳು. "ಅವರು ಎಷ್ಟು ಬಾಡಿಗೆ ಕೊಡುತ್ತಾರೆ?"

"ಕೊಡುವುದಿಲ್ಲ. ಅವನು ಅತಿಥಿ."

"ಅತಿಥಿಗಳು ನಿಮ್ಮಲ್ಲಿ ಎಷ್ಟು ದಿನ ಇರುತ್ತಾರೆ?"

"ಹೋಗುವವರೆಗೆ."

ಅವಳಿಗೆ ನಗು ತಡೆಯಲಾಗಲಿಲ್ಲ, ನನಗೂ. ರೇಷನ್ ಕಾರ್ಡಿನ ಕತೆಯನ್ನು ಹೇಳಿದೆ. ಅವಳು ಆಸಕ್ತಿಯಿಂದ, "ಹಾಗಾದರೆ ನಿಮ್ಮ ದೇಶದಲ್ಲಿ ಯಾರನ್ನು ಬೇಕಾದರೂ ಸೇರಿಸಬಹುದೇ?" ಎಂದಳು. "ಇಲ್ಲ, ಅಲ್ಲೂ ಮನೆಯವರನ್ನು ಮಾತ್ರ. ಆದರೆ ಮನೆಯವರು ಯಾರು ಎಂಬುದನ್ನು ಮನೆಯವರೇ ಹೇಳುತ್ತಾರೆ" ಎಂದೆ. ಅವಳು ತಲೆಯಾಡಿಸಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಗಂಡ, ಹೆಂಡತಿ, ಮಗು ಒಂದು ಕುಟುಂಬ. ಇಮ್ರಾನ್ ಬೇರೆ. ಅವನ ಪಾಲಿನ ಬಾಡಿಗೆಯನ್ನು ಅವನೇ ಕೊಡುತ್ತಾನೆ ಎಂದು ಕಚೇರಿ ಈಗಾಗಲೇ ಲೆಕ್ಕ ಹಿಡಿದಿದೆ. ಅವನು ನಿಜವಾಗಿ ಅಷ್ಟೇ ಕೊಟ್ಟರೆ ನಮ್ಮ ನೆರವು ಇನ್ನೂ ಇಳಿಯುವುದಿಲ್ಲ, ಕೊರತೆಯೂ ತುಂಬುತ್ತದೆ. ಮನೆಯೊಡತಿಯ ಒಪ್ಪಿಗೆ ಪಡೆದು ಒಂದು ಉಂಟರ್‌ಮಿಯೆಟೆ, ಅಂದರೆ ಒಳಬಾಡಿಗೆಯ ಕರಾರು ಮಾಡಿಕೊಂಡರಾಯಿತು.

"ತಮ್ಮನ ಹಾಗೆ ಇರುವವನ ಹತ್ತಿರ ಬಾಡಿಗೆ ಕೇಳುವುದು ಹೇಗೆ?" ಎಂದೆ.

"ನಾನು ಓದುವಾಗ ನನ್ನ ಅಕ್ಕನ ಮನೆಯಲ್ಲೇ ಇದ್ದೆ" ಎಂದಳು ಅವಳು. "ಪ್ರತಿ ತಿಂಗಳು ಬಾಡಿಗೆ ಕೊಟ್ಟೆ. ಸ್ವಂತ ಅಕ್ಕ."

ಹೊರಗೆ ಬಂದು ಲೆಕ್ಕ ಹಾಕಿದೆ. ವಾದದಲ್ಲಿ ಸೋತಿದ್ದೆ. ಆದರೆ ಅಷ್ಟು ಹೊತ್ತಿನಲ್ಲಿ ಒಂದು ಇಂಗ್ಲಿಷ್ ಪದವನ್ನೂ ಬಳಸಿರಲಿಲ್ಲ, ನಗಿಸಿಯೂ ಬಂದಿದ್ದೆ. ಪರಭಾಷೆಯಲ್ಲಿ ಒಬ್ಬರನ್ನು ನಗಿಸುವುದೆಂದರೆ ಪರೀಕ್ಷೆ ಪಾಸಾದದ್ದಕ್ಕಿಂತ ಹೆಚ್ಚು. ಎದುರಿನ ಅಂಗಡಿಯಲ್ಲಿ ಒಂದು ಕಾಫಿ ಕೊಂಡು ಕುಡಿದೆ.

ಮನೆಗೆ ಬಂದು ಅವ್ವನಿಗೆ ಫೋನು ಹಚ್ಚಿದೆ. ಅವಳು ಕೇಳಿ ಸಿಟ್ಟಾದಳು.

"ಉಣ್ಣ ಬಾ ಅನ್ನೋ ಬಾಯಿಲೆ ಬಾಡಿಗಿ ತಾ ಅಂತೀಯೇನಬೇ? ಅವರವ್ವಗ ಗೊತ್ತಾದ್ರ ಏನಂದಾಳು? ಕಲ್ತ ಬುದ್ಧಿ ಇದಾ ಏನು?"

"ಅವ್ವಾ, ಇಲ್ಲಿ ಒಡಹುಟ್ಟಿದವರೂ ತಗೋತಾರಂತ."

"ಅವರು ತಗೋಲಿ. ಅವರು ಅಡಗಿಮನೀನ ಬಿಚ್ಕೊಂಡ ಹೋಗೂ ಮಂದಿ."

ಅಲ್ಲಿಗೆ ಮಾತು ಮುಗಿಯಿತು. ಒಂದು ಕಡೆ ಕಳ್ಳಿಗಿಡದ ಹೆಂಗಸು, ಇನ್ನೊಂದು ಕಡೆ ಅವ್ವ. ಇಬ್ಬರಿಗೂ ತಮ್ಮ ಮಾತಿನಲ್ಲಿ ಕಿಂಚಿತ್ತೂ ಸಂಶಯವಿರಲಿಲ್ಲ. ಸಂಶಯವಿದ್ದದ್ದು ನಡುವೆ ನಿಂತ ನನಗೊಬ್ಬಳಿಗೆ.

ಗಂಟು ಬಿಡಿಸಿದವಳು ಸಿರಿ. ಒಂದು ಸಂಜೆ ನಾಲ್ವರೂ ಉಣ್ಣುತ್ತಿದ್ದೆವು. ಇಮ್ರಾನ್ ಎಂದಿನಂತೆ ಒಂದು ಚಪಾತಿ ತಿಂದು ತಟ್ಟೆಗೆ ಕೈ ಅಡ್ಡ ಹಿಡಿದ. "ಸಾಕಕ್ಕಾ, ಹೊಟ್ಟಿ ಗಚ್ಚಾತು." ಕಡಿಮೆ ಊಟದ ಹುಡುಗ ಎಂದೇ ನಾವು ತಿಳಿದಿದ್ದೆವು. ಸಿರಿ ತಲೆಯೆತ್ತದೆ, "ಇಮ್ರಾನ್ ಮಾಮಾ ಇಸ್ಟ್ ಡ್ಯೋನರ್. ಯೇಡೆನ್ ಟಾಗ್!" ಎಂದಳು. ಇಮ್ರಾನ್ ಮಾಮಾ ಡ್ಯೋನರ್ ತಿನ್ನುತ್ತಾನೆ, ದಿನಾಲೂ. ಡ್ಯೋನರ್ ಎಂದರೆ ಇಲ್ಲಿನ ತುರ್ಕಿ ಅಂಗಡಿಗಳಲ್ಲಿ ರೊಟ್ಟಿಯೊಳಗೆ ಮಾಂಸ, ಎಲೆಕೋಸು ಸುತ್ತಿ ಕೊಡುವ ತಿಂಡಿ. ಶಿಶುವಿಹಾರದಿಂದ ಬರುವಾಗ ಟ್ರಾಮ್ ನಿಲ್ದಾಣದ ಬಳಿ ದಿನವೂ ತಿಂದು, ಅವಳಿಗೂ ಒಂದು ತುಂಡು ಕೊಟ್ಟು, ಮನೆಯಲ್ಲಿ ಹೇಳಬೇಡ ಎಂದಿದ್ದನಂತೆ.

ಇಮ್ರಾನ್‌ನ ಮುಖ ಕೆಂಪಾಯಿತು. ನನಗೆ ಕೆನ್ನೆಗೆ ಹೊಡೆದಂತಾಯಿತು. ನನ್ನ ಮನೆಯಲ್ಲಿ ಒಬ್ಬ ಹುಡುಗ ಇಷ್ಟು ತಿಂಗಳು ಅರೆಹೊಟ್ಟೆಯಲ್ಲಿದ್ದನೇ?

"ಯಾಕೋ? ನನ್ನ ಅಡಿಗಿ ಬಾಯಿಗೆ ಹತ್ತವಲ್ದೇನು?"

"ಅಯ್ಯೋ ಹಂಗಲ್ಲಕ್ಕಾ. ನಿನ್ನ ಕೈ ಅಡಿಗಿ ಬಿಟ್ಟು ಆ ಎಲಿಕೋಸಿನ ರೊಟ್ಟಿ ಯಾರ ತಿಂತಾರ?" ಅವನು ಲೋಟ ಪಕ್ಕಕ್ಕೆ ಸರಿಸಿದ. ಆಮೇಲೆ ಎಲ್ಲ ಹೊರಗೆ ಬಂತು. "ಪುಕ್ಕಟೆ ಇರೂದು ಭಾಳ ಕಷ್ಟ ಅಕ್ಕಾ. ಎರಡನೇ ಚಪಾತಿಗೆ ಕೈ ಚಾಚಾಕ ಆಗೂದಿಲ್ಲ. ಫ್ರಿಜ್ ತೆಗಿಯಾಕ ಅಂಜಿಕಿ. ಬಿಸಿನೀರು ಸುರುವಿದ್ರ ನಿಮ್ಮ ಬಿಲ್ ಏರ್ತತಿ ಅಂತ ಯೂನಿವರ್ಸಿಟಿ ಜಿಮ್ಮಿನಾಗ ಜಳಕ ಮಾಡಿ ಬರ್ತೀನಿ. ಶನಿವಾರ ಲೈಬ್ರರಿಗೆ ಹೋಗ್ತೀನಲ್ಲ, ಓದಾಕ ಅಲ್ಲ. ನೀವು ಮೂರೂ ಮಂದಿ ಮನ್ಯಾಗ ಆರಾಮ ಇರ್ಲಿ ಅಂತ."

ಚಂದ್ರು ನನ್ನ ಕಡೆ ನೋಡಿದ. "ನಾವು ಇವನು ಗೋಲ್ಡ್ ಮೆಡಲ್ ತಗೋತಾನೆ ಅಂತ ತಿಳ್ಕೊಂಡಿದ್ವಲ್ಲೇ!"

ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎಂದು ನಾನು ಬೆಶೈಡ್ ತಂದು ಅವನ ಮುಂದೆ ಇಟ್ಟು ನಡೆದದ್ದನ್ನು ಹೇಳಿದೆ. "ನಿನ್ನ ಹೆಸರು ಬರದಿದ್ದಕ್ಕ ಕಡಿಮಿ ಆತು. ನಿನ್ನ ಪಾಲು ನೀ ಕೊಟ್ರ ನಮ್ಮ ಮನಿ ಉಳೀತತಿ. ಕೊಡ್ತೀಯೇನೋ?" ಎಂದೆ.  ಹುಟ್ಟಿದಾಗಿನಿಂದ ಬಾಡಿಗೆ ಕೊಟ್ಟು ಗೊತ್ತಿತ್ತೇ ಹೊರತು ಕೇಳಿ ಗೊತ್ತಿರಲಿಲ್ಲ.

ಇಮ್ರಾನ್ ಪತ್ರವನ್ನು ಓದಲೂ ಇಲ್ಲ. "ಯಾವತ್ತಿಂದ ಕೇಳಾಕತ್ತೀನಿ, ಈಗ ಬಾಯಿ ಬಿಡಾಕತ್ತೀಯಲ್ಲ!" ಎಂದು ನಕ್ಕ. ಓದಿಗೆಂದು ಊರಿನಿಂದ ಬರುವಾಗ ಬ್ಯಾಂಕಿನಲ್ಲಿ ಕಟ್ಟಿಟ್ಟು ಬಂದ ಹಣದಲ್ಲಿ ಮನೆ ಬಾಡಿಗೆಯ ಪಾಲು ಮುಟ್ಟದೆ ಹಾಗೇ ಇತ್ತು, ಡ್ಯೋನರಿನ ಪಾಲು ಮಾತ್ರ ಖರ್ಚಾಗಿತ್ತು. ನಗುತ್ತಲೇ ಕೈ ಚಾಚಿ ಇನ್ನೊಂದು ಚಪಾತಿ ತೆಗೆದುಕೊಂಡ. ಆಮೇಲೆ ಮತ್ತೊಂದು. ನಾಲ್ಕನೆಯದಕ್ಕೆ ಚಂದ್ರು ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು, "ಮಗಾ, ಇನ್ನೂ ಸಹಿ ಆಗಿಲ್ಲ" ಎಂದ.

ಒಪ್ಪಿಗೆ ಕೇಳಲು ಮರುದಿನ ಮೇಲಿನ ಮಹಡಿಯ ಫ್ರೌ ಕೆಸ್ಲರ್ ಬಳಿಗೆ ಮೂವರೂ ಹೋದೆವು. ಬೈಯುತ್ತಾಳೆಂದು ನನಗೆ ಪುಕುಪುಕು. ಅವಳು ಇಮ್ರಾನ್‌ನನ್ನು ಮೇಲಿಂದ ಕೆಳಗೆ ನೋಡಿ, "ಓಹೋ, ಆ ದೊಡ್ಡ ಬೂಟುಗಳು ನಿನ್ನವು. ಇಷ್ಟು ದಿನದಿಂದ ಬಾಗಿಲ ಬಳಿ ನೋಡುತ್ತಿದ್ದೇನೆ. ಯಾವಾಗ ಬಂದು ಹೇಳುತ್ತೀರಿ ಎಂದು ಕಾಯುತ್ತಿದ್ದೆ" ಎಂದಳು. ಬಾಡಿಗೆ ಇಲ್ಲದೆ ಇಟ್ಟುಕೊಂಡಿದ್ದೆವು ಎಂದು ಕೇಳಿ ಅವಳಿಗೆ ಗಾಬರಿಯಾಯಿತು. "ಪಾಪ, ಹುಡುಗನಿಗೆ ಎಷ್ಟು ಮುಜುಗರವಾಗಿರಬೇಕು!" ಬ್ಯಾಡಗಿಯಲ್ಲಿ ಬಾಡಿಗೆ ಕೇಳಿದರೆ ಯಾರಿಗೆ ಪಾಪ ಎನ್ನುತ್ತಿದ್ದರೋ, ಇಲ್ಲಿ ಕೇಳದಿದ್ದಕ್ಕೆ ಅವನಿಗೇ ಪಾಪ ಎಂದಳು. ಅವಳ ಷರತ್ತು ಎರಡೇ. ಕರೆಗಂಟೆಯ ಮೇಲೆ ಅವನ ಹೆಸರೂ ಇರಬೇಕು, ಮೆಟ್ಟಿಲು ಗುಡಿಸುವ ಸರದಿಯಲ್ಲಿ ಅವನ ವಾರವೂ ಇರಬೇಕು.

ಕರಾರು ಬರೆದ ಸಂಜೆ ನಮ್ಮ ಮನೆಯಲ್ಲಿ ಹಬ್ಬದ ಗದ್ದಲ. ಇಮ್ರಾನ್ ವಕೀಲನಂತೆ ಕೂತಿದ್ದ. "ಭಾನುವಾರ ಮುಂಜಾನೆ ಬಾಡಿಗೆದಾರ ಮಲಗಿರುವಾಗ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕತಕ್ಕದ್ದಲ್ಲ, ಅಂತ ಬರಿ ಅಕ್ಕಾ."

"ಬ್ಯಾಡಗಿ ಹೆಣ್ಮಗಳ ಮನ್ಯಾಗ ಕುಂತು ಈ ಮಾತು ಆಡ್ತೀಯಲ್ಲ, ಕರಾರು ಇಲ್ಲೇ ಹರೀತೀನಿ ನೋಡು."

"ಅವನು ಸ್ನಾನಕ್ಕೆ ಹೋದ್ರೆ ಹಾಡೋ ಹಾಗಿಲ್ಲ ಅಂತ ಹಾಕು" ಎಂದ ಚಂದ್ರು. "ಈಗ ಮನೇಲೇ ಸ್ನಾನ ಮಾಡ್ತಾನಲ್ಲ, ಅದನ್ನ ಯೋಚ್ನೆ ಮಾಡ್ಬೇಕು."

ಸಹಿ ಹಾಕುವಾಗ ಮಾತ್ರ ಆ ಸಾಲನ್ನು ಎರಡು ಸಲ ಓದಿದೆ. ಮನೆಯೊಡೆಯರು ಎಂದಿರುವ ಕಡೆ ನನ್ನ ಹೆಸರು. ನಮ್ಮಪ್ಪನ ಹೆಸರು ಎಂದೂ ಆ ಜಾಗದಲ್ಲಿ ಬಂದದ್ದಿಲ್ಲ. ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಅದರ ಪಕ್ಕದಲ್ಲೇ ಏನೋ ಚುಚ್ಚಿತು, ಅದೂ ಸುಳ್ಳಲ್ಲ.

ಅಲ್ಲಿಂದ ಮುಂದೆ ಇಮ್ರಾನ್ ಬೇರೆಯೇ ಮನುಷ್ಯ. ಫ್ರಿಜ್ ಬಾಗಿಲು ಬಡಿಯುತ್ತಾನೆ. ಸೋಫಾದ ಮೇಲೆ ಕಾಲುಚೀಲ ಬಿಡುತ್ತಾನೆ. ಒಂದು ದಿನ ಕೋಣೆಯೊಳಗಿಂದಲೇ, "ಅಕ್ಕಾ, ನನ್ನ ಖೋಲ್ಯಾಗ ಹೀಟರ್ ಕಾಯವಲ್ದು! ಬಾಡಿಗಿ ಕೊಡ್ತೀನಿ, ಗೊತ್ತೈತಿಲ್ಲೋ?" ಎಂದು ಕೂಗಿದ. ಅಷ್ಟು ತಿಂಗಳಲ್ಲಿ ಅವನು ಮಾಡಿದ ಮೊದಲ ದೂರು ಅದು. ನನಗೆ ಎಷ್ಟು ಸಂತೋಷವಾಯಿತೆಂದರೆ ಚಪ್ಪಲಿ ಮೆಟ್ಟಿ ಆಗಲೇ ಮೇಲಕ್ಕೆ ಓಡಿದೆ. "ನನ್ನ ಬಾಡಿಗೆದಾರನ ಹೀಟರ್ ಕೆಟ್ಟಿದೆ" ಎಂದು ಫ್ರೌ ಕೆಸ್ಲರ್‌ಗೆ ಜರ್ಮನ್‌ನಲ್ಲಿ ಹೇಳಿ, ತಿರುಗಿ ಮೆಟ್ಟಿಲಲ್ಲಿ ಬಗ್ಗಿ, "ತಮ್ಮಾ, ಬಾಗಿಲಾ ತಗದಿಡೋ, ಬರಾಕತ್ತಾರ" ಎಂದು ಕೂಗಿದೆ.

ವೋನ್‌ಗೆಲ್ಡ್ ಇಳಿದದ್ದು ಮತ್ತೆ ಏರಲಿಲ್ಲ. ಮನೆ ಉಳಿಯಿತು. ನಾನು ಮಾತ್ರ ಎರಡು ಕಡೆಯವಳಾಗಿಬಿಟ್ಟೆ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವ್ವನ ಮನೆಗೆ ದೂರದ ನೆಂಟರೊಬ್ಬರು ಬಂದು ವಾರಗಟ್ಟಲೆ ಉಳಿದರು. ಎಲ್ಲರೂ ಸಹಜವಾಗಿದ್ದರು. ನಾನೊಬ್ಬಳು, ಈ ಮನುಷ್ಯನಿಗೆ ಎರಡನೆಯ ರೊಟ್ಟಿ ಕೇಳಲು ಮುಜುಗರವಾಗುತ್ತಿದೆಯೋ ಏನೋ ಎಂದು ಅವರ ತಟ್ಟೆಯನ್ನೇ ನೋಡುತ್ತಿದ್ದೆ. "ಯಾಕಬೇ ಹಂಗ ನೋಡ್ತಿ, ಎಣಸಾಕತ್ತಿ ಏನು?" ಎಂದು ಅವ್ವ ಗದರಿದಳು. ಇಲ್ಲಿಗೆ ಬಂದರೆ, ತಿಂಗಳ ಮೊದಲ ದಿನ ಫೋನಿನಲ್ಲಿ ಇಮ್ರಾನ್‌ನ ಬಾಡಿಗೆ ಬಂದಿದೆ ಎಂಬ ಸದ್ದಾಗುತ್ತದೆ. ಆಗ ಎದೆಯಲ್ಲಿ ಏನೋ ಅಳ್ಳಾಡುತ್ತದೆ. ತಡೆಯಲಾಗುವುದಿಲ್ಲ. ಬೇಳೆ ಬೇಯಿಸಿ, ಬೆಲ್ಲ ಹಾಕಿ ರುಬ್ಬಿ, ಹೋಳಿಗೆ ಮಾಡಿಬಿಡುತ್ತೇನೆ. ಮೇಲಿನ ಫ್ರೌ ಕೆಸ್ಲರ್‌ಗೂ ಎರಡು ಹೋಗುತ್ತವೆ. ಯಾವ ಹಬ್ಬ ಎಂದು ಅವಳು ಕೇಳಿದರೆ ಏನು ಹೇಳಬೇಕೋ ತಿಳಿಯುವುದಿಲ್ಲ. ಬಾಡಿಗೆಯ ಹಬ್ಬ ಎನ್ನುತ್ತೇನೆ.

"ತಗೊಂಡಿದ್ದೆಲ್ಲಾ ತುಪ್ಪಕ್ಕೇ ಹೋಗ್ತಿದೆ ಕಣೇ" ಎಂದು ಚಂದ್ರು ಗೊಣಗುತ್ತಾನೆ, ತಾನೂ ತಿನ್ನುತ್ತಾನೆ. ಸಿರಿ ಜರ್ಮನ್‌ನಲ್ಲಿ ಇನ್ನೊಂದು ಬೇಕು ಎನ್ನುತ್ತಾಳೆ.

ಈ ತಿಂಗಳು ಇಮ್ರಾನ್ ಐದನೆಯ ಹೋಳಿಗೆಗೆ ಕೈ ಹಾಕಿ, ಬಾಯಿ ತುಂಬಿಕೊಂಡೇ ಕೇಳಿದ: "ಅಕ್ಕಾ, ಮುಂದಿನ ತಿಂಗಳಿಂದ ಬಾಡಿಗೀನ ಎರಡು ಕಂತಿನ್ಯಾಗ ಕೊಡ್ಲೇನು?"